ಅಪರೂಪದ ಫ್ರೆಂಚ್ ಅಡ್ಡಹೆಸರಿನ ಮೂಲ ಹುಡುಕುವುದು ಹೇಗೆ? ಡೂಪ್ಲೆ ಹೆಸರಿನ ಜಾಡು ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ಶಾಲೆಯಲ್ಲಿ ಕರ್ನಾಟಿಕ್ ಯುದ್ಧಗಳ ಪಾಠ ಓದಿದವರಿಗೆ ಡೂಪ್ಲೆ ಗೊತ್ತು. ಪುದುಚೇರಿಯ ಗವರ್ನರ್, ಕ್ಲೈವನ ಎದುರಾಳಿ. ಅವನ ಸ್ವಂತ ಹೆಸರು ಜೋಸೆಫ್ ಫ್ರಾನ್ಸ್ವಾ. ಡೂಪ್ಲೆ ಅನ್ನುವುದು ಅಡ್ಡಹೆಸರು, ಅದೂ ಫ್ರಾನ್ಸಿನಲ್ಲಿ ಅಪರೂಪದ್ದು. ಮಾರ್ಟಿನ್, ಬರ್ನಾರ್, ದುಬ್ವಾಗಳ ಹಾಗೆ ಊರಿಗೆ ಹತ್ತು ಮನೆ ಸಿಗುವ ಹೆಸರಲ್ಲ.

ಇಂಥ ಹೆಸರು ಕೈಗೆ ಬಿದ್ದಾಗ ಎಲ್ಲರೂ ಜಾರುವ ಜಾಗ ಒಂದೇ. ಹೆಸರು ಇಷ್ಟು ಅಪರೂಪ ಎಂದ ಮೇಲೆ ಇರುವವರೆಲ್ಲ ಒಂದೇ ಮನೆತನದವರೇ ಇರಬೇಕು, ಆ ಮನೆತನ ಆ ಪ್ರಸಿದ್ಧ ವ್ಯಕ್ತಿಯದೇ ಇರಬೇಕು ಎಂದು ಮೊದಲ ದಿನವೇ ತೀರ್ಮಾನ ಮಾಡಿಬಿಡುತ್ತಾರೆ. ಹುಡುಕಾಟ ಅಲ್ಲಿಗೆ ಮುಗಿಯಿತು, ಆಮೇಲೆ ನಡೆಯುವುದು ಸಮರ್ಥನೆ ಮಾತ್ರ. ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ನಕ್ಷೆ ಮೊದಲು, ಕಾಗದಪತ್ರ ಆಮೇಲೆ, ಪ್ರಸಿದ್ಧರು ಕೊನೆಗೆ. ಅಳಿಯನೋ ಸೊಸೆಯೋ ಫ್ರೆಂಚ್ ಮನೆತನದವರಾಗಿದ್ದರೆ, ಪುದುಚೇರಿಯ ಹಳೇ ಪತ್ರವೊಂದರಲ್ಲಿ ವಿಚಿತ್ರ ಹೆಸರು ಕಂಡಿದ್ದರೆ, ಅಥವಾ ಸುಮ್ಮನೆ ಕುತೂಹಲವಿದ್ದರೂ ದಾರಿ ಇದೇ.

ಹಂತ 1: ಯಾವ ಪ್ರಶ್ನೆ ಎಂದು ಬರೆದಿಟ್ಟುಕೊಳ್ಳಿ

ಹೆಸರಿಗೆ ಅರ್ಥವೇನು? ಅದು ಎಲ್ಲಿ ಹುಟ್ಟಿ ಎಷ್ಟು ಹರಡಿದೆ? ನಾನು ಬಲ್ಲ ಈ ಕುಟುಂಬ ಎಲ್ಲಿಂದ ಬಂತು? ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಭಾಷಾಶಾಸ್ತ್ರ ಬೇಕು, ಎರಡನೆಯದಕ್ಕೆ ಅಂಕಿಅಂಶ, ಮೂರನೆಯದಕ್ಕೆ ಜನನ, ಮದುವೆ, ಮರಣದ ದಾಖಲೆ. ಒಂದರ ಉತ್ತರ ಇನ್ನೊಂದಕ್ಕೆ ಸಾಕ್ಷಿಯಾಗುವುದಿಲ್ಲ.

ಹಂತ 2: ಕಾಗುಣಿತದ ರೂಪಗಳನ್ನು ಪಟ್ಟಿ ಮಾಡಿ

ಡೂಪ್ಲೆ ಬರೆಯುವುದು ಡಿ, ಯು, ಪಿ, ಎಲ್, ಇ, ಐ, ಎಕ್ಸ್ ಎಂದು. ನಮ್ಮ ಪಠ್ಯಪುಸ್ತಕ ಕೊನೆಯ ಎಕ್ಸ್ ಅನ್ನು ನುಂಗಿಬಿಟ್ಟಿದೆ. ಪ್ಯಾರಿಸ್ ಮೆಟ್ರೋದಲ್ಲಿ ಇದೇ ಹೆಸರಿನ ನಿಲ್ದಾಣವಿದೆ, ಅಲ್ಲಿನವರು ಅದನ್ನು ಡ್ಯುಪ್ಲೆಕ್ಸ್ ಎನ್ನುತ್ತಾರೆ. ಇವತ್ತೇ ಎರಡು ಉಚ್ಚಾರಣೆ ಇದ್ದರೆ, 1650ರಲ್ಲಿ ಅಕ್ಷರ ಬಾರದ ರೈತ ಹೇಳಿದ್ದನ್ನು ಕೇಳಿ ಬರೆದುಕೊಂಡ ಪಾದ್ರಿ ಏನು ಬರೆದಿರಬಹುದು? ಎಕ್ಸ್ ಬದಲು ಎಸ್, ಅಥವಾ ಸಿ-ಎಚ್. ಇ-ಐ ಬದಲು ಎ-ಐ. ಡು ಮತ್ತು ಪ್ಲೆ ಎರಡೂ ಬಿಡಿಬಿಡಿಯಾಗಿ. ಡು ಇಲ್ಲದೆ ಬರೀ ಪ್ಲೆ. ಈ ಎಲ್ಲ ರೂಪಗಳನ್ನೂ ಹುಡುಕಬೇಕು. ಫ್ರೆಂಚಿನಲ್ಲಿ ಪದದ ಕೊನೆಯ ಎಸ್, ಟಿ, ಡಿ, ಎಕ್ಸ್ ಸಾಮಾನ್ಯವಾಗಿ ಬಾಯಲ್ಲಿ ಬರುವುದಿಲ್ಲ, ಹಾಗಾಗಿ ಬರೆಯುವವನ ಇಷ್ಟವೇ ಕಾನೂನಾಗಿತ್ತು.

ಈ ಅಸ್ಥಿರತೆ ಎಲ್ಲಿಯವರೆಗೆ ಇತ್ತು ಎಂದು ತಿಳಿದರೆ ಹುಡುಕುವುದು ಸಲೀಸು. 1539ರಲ್ಲಿ ಒಂದನೇ ಫ್ರಾನ್ಸ್ವಾ ದೊರೆ ವಿಲೆರ್-ಕೊತ್ರೆಯಲ್ಲಿ ಹೊರಡಿಸಿದ ಶಾಸನ, ಪ್ರತಿ ಚರ್ಚೂ ದೀಕ್ಷಾಸ್ನಾನದ ಪುಸ್ತಕ ಇಡಬೇಕೆಂದಿತು. 1579ರ ಬ್ಲ್ವಾ ಶಾಸನ ಮದುವೆ ಮತ್ತು ಸಾವನ್ನೂ ಸೇರಿಸಿತು. 1667ರಿಂದ ಎರಡು ಪ್ರತಿ ಕಡ್ಡಾಯವಾಯಿತು. ಒಂದು ಪ್ರತಿ ಇಲಿ ತಿಂದರೂ ಇನ್ನೊಂದು ಉಳಿದಿರುವುದು ಇದರ ಪುಣ್ಯದಿಂದಲೇ. ಕ್ರಾಂತಿ ಬಂದು 1792ರ ಸೆಪ್ಟೆಂಬರ್ 20ರಂದು ದಾಖಲೆಯ ಕೆಲಸ ಚರ್ಚಿನಿಂದ ಪುರಸಭೆಗೆ ಹೋಯಿತು. ಜನನ ಪತ್ರದಲ್ಲಿರುವ ಹೆಸರನ್ನು ಬಿಟ್ಟು ಬೇರೆ ಇಟ್ಟುಕೊಳ್ಳಕೂಡದು ಎಂಬ ಕಾನೂನು 1794ರ ಆಗಸ್ಟಿನದು. ಆದರೂ ಕಾಗುಣಿತ ಗಟ್ಟಿಯಾದದ್ದು ಮನೆಮನೆಗೆ ಕುಟುಂಬದ ಪುಸ್ತಿಕೆ (ಮನೆಯವರ ಜನನ, ಮದುವೆ, ಮರಣ ಬರೆದಿಡುವ ಸರ್ಕಾರಿ ಪುಸ್ತಕ) ಬಂದ ಮೇಲೆ, ಅಂದರೆ 1877ರ ನಂತರ. ಅದಕ್ಕಿಂತ ಹಿಂದೆ ಅಣ್ಣತಮ್ಮಂದಿರ ಹೆಸರೇ ಎರಡು ಬಗೆಯಲ್ಲಿ ಕಂಡರೆ ತಲೆಕೆಡಿಸಿಕೊಳ್ಳಬೇಡಿ.

ಹಂತ 3: ಹೆಸರನ್ನು ಬಿಡಿಸಿ ನೋಡಿ

ಫ್ರೆಂಚ್ ಅಡ್ಡಹೆಸರುಗಳಲ್ಲಿ ಹೆಚ್ಚಿನವು ನಾಲ್ಕು ಬಗೆ: ಪೂರ್ವಿಕನ ಸ್ವಂತ ಹೆಸರು, ಜಾಗ, ಕಸುಬು, ರೂಪ ಅಥವಾ ಸ್ವಭಾವ. ಬಗೆಗಿಂತಲೂ ಉಪಯೋಗಕ್ಕೆ ಬರುವುದು ಪ್ರಾಂತ್ಯದ ಗುರುತು. ಕಮ್ಮಾರನ ಮನೆತನ ಉತ್ತರದಲ್ಲಿ ಲೆಫೆವ್ರ್, ದಕ್ಷಿಣದಲ್ಲಿ ಫಾಬ್ರ್ ಅಥವಾ ಫೋರ್, ಬ್ರಿಟನಿಯಲ್ಲಿ ಲೆ ಗೋಫ್. ಕೆರ್ ಎಂದು ಶುರುವಾದರೆ ಬ್ರಿಟನಿ, ಎಚೆ ಎಂಬ ತುಣುಕಿದ್ದರೆ ಬಾಸ್ಕ್ ಸೀಮೆ, ಅಕ್ ಎಂದು ಮುಗಿದರೆ ಬಹುಪಾಲು ನೈಋತ್ಯ, ಇ ಸ್ವರದಲ್ಲಿ ಮುಗಿದರೆ ಕಾರ್ಸಿಕಾ ಇರಬಹುದು.

ಡೂಪ್ಲೆಯಲ್ಲಿ ಡು ಎಂದರೆ ‘ಆ ಜಾಗದವನು’. ಪ್ಲೆ ಎಂದರೆ ಕೊಂಬೆಗಳನ್ನು ಹೆಣೆದು ಕಟ್ಟಿದ ಬೇಲಿಯ ಆವರಣ, ಹೆಣೆಯುವುದು ಎಂಬ ಲ್ಯಾಟಿನ್ ಮೂಲದಿಂದ ಬಂದದ್ದು. ಫ್ರಾನ್ಸಿನ ಉತ್ತರ, ಪಶ್ಚಿಮಗಳಲ್ಲಿ ಊರೂರಿಗೆ ಕಾಣುವ ಪ್ಲೆಸಿ ಎಂಬ ಸ್ಥಳನಾಮ ಇದರದೇ ದಾಯಾದಿ. ಅದರಿಂದ ಡುಪ್ಲೆಸಿ ಎಂಬ, ಹೆಚ್ಚು ಜನರಿಗೆ ಇರುವ ಅಡ್ಡಹೆಸರು ಬಂದಿದೆ.

ಸ್ಥಳದ ಹೆಸರುಗಳಲ್ಲಿ ಒಂದು ಸೂಕ್ಷ್ಮವಿದೆ, ಉತ್ತರ ಕರ್ನಾಟಕದವರಿಗೆ ಅದು ಬೇಗ ಹೊಳೆಯುತ್ತದೆ. ಹಾವೇರಿಯಲ್ಲೇ ಇರುವವನನ್ನು ಯಾರೂ ಹಾವೇರಿ ಎಂದು ಕರೆಯುವುದಿಲ್ಲ, ಅವನು ಊರು ಬಿಟ್ಟು ಗದಗಿಗೆ ಹೋದ ಮೇಲೆ ಹಾವೇರಿಯವನಾಗುತ್ತಾನೆ. ಪಟ್ಟಣದ ಹೆಸರು ಅಡ್ಡಹೆಸರಾಗಿದ್ದರೆ ಆ ಪಟ್ಟಣದ ಹೊರಗೆ ಹುಡುಕಿ. ಆದರೆ ಡೂಪ್ಲೆಯಂಥ ಬೇಲಿ, ಕಾಡು, ಸೇತುವೆಯ ಹೆಸರುಗಳು ಊರೊಳಗೇ ಹುಟ್ಟಿದವು: ನಾಲ್ಕು ಜೋಸೆಫರಿದ್ದಾಗ ಬೇಲಿಯ ಹತ್ತಿರದ ಜೋಸೆಫ್. ಬೇಲಿ ಎಲ್ಲ ಊರಿನಲ್ಲೂ ಇರುತ್ತದೆ. ಎಂದರೆ ಅಪರೂಪದ ಹೆಸರಾದರೂ ಒಂದಕ್ಕಿಂತ ಹೆಚ್ಚು ಕಡೆ, ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿರಬಹುದು. ಇದನ್ನು ನೆನಪಿಟ್ಟುಕೊಂಡು ನಕ್ಷೆಗೆ ಹೋಗಿ.

ಹಂತ 4: ನಕ್ಷೆ ಮಾಡಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು, ಜನ ಅತಿ ಕಡಿಮೆ ಹೊತ್ತು ಕೊಡುವುದೂ ಇದಕ್ಕೇ.

ಫ್ರಾನ್ಸಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಇನ್ಸೇ, 1891ರಿಂದೀಚೆಗೆ ಫ್ರಾನ್ಸಿನಲ್ಲಿ ಹುಟ್ಟಿದವರ ಅಡ್ಡಹೆಸರುಗಳನ್ನು ಜಿಲ್ಲೆವಾರು ಎಣಿಸಿ ಕಡತ ಮಾಡಿದೆ. ಅದನ್ನು ಆಧರಿಸಿದ ಜಿಯೋಪಾತ್ರೋನಿಮ್ ಎಂಬ ಉಚಿತ ಜಾಲತಾಣದಲ್ಲಿ ಹೆಸರು ಕೊಟ್ಟರೆ ನಾಲ್ಕು ನಕ್ಷೆ ಬರುತ್ತವೆ: 1891–1915, 1916–1940, 1941–1965, 1966–1990. ಈ ಕಡತದಲ್ಲಿ 13 ಲಕ್ಷಕ್ಕೂ ಹೆಚ್ಚು ಬೇರೆ ಬೇರೆ ಹೆಸರುಗಳಿವೆ. ಕಾಗುಣಿತದ ಭೇದಗಳು, ವಲಸೆ ಬಂದವರ ಹೆಸರುಗಳು ಎಲ್ಲ ಸೇರಿದ ಲೆಕ್ಕ ಅದು. ಅಷ್ಟು ಹೆಸರುಗಳ ದೇಶದಲ್ಲಿ ಅಪರೂಪವಾಗಿರುವುದೇನೂ ದೊಡ್ಡ ಅಪರೂಪವಲ್ಲ.

ಮೊದಲು ನೋಡಬೇಕಾದ್ದು ಅತ್ಯಂತ ಹಳೆಯ ನಕ್ಷೆ. ರೈಲು, ಯುದ್ಧ, ಕಾರ್ಖಾನೆಗಳು ಜನರನ್ನು ಪೂರ್ತಿ ಚದುರಿಸುವ ಮೊದಲಿನ ಚಿತ್ರ ಅದರಲ್ಲಿ ಇನ್ನೂ ಉಳಿದಿರುತ್ತದೆ. ಮೂರ್ನಾಲ್ಕು ಪಕ್ಕಪಕ್ಕದ ಜಿಲ್ಲೆಗಳಲ್ಲಿ ಹೆಸರು ಗುಂಪಾಗಿದ್ದರೆ ತೊಟ್ಟಿಲು ಅಲ್ಲೇ ಎಲ್ಲೋ ಇದೆ. ದೂರ ದೂರ ಎರಡು ಗುಂಪಿದ್ದರೆ ಎರಡು ಮೂಲಗಳಿರಬಹುದು, ಅಥವಾ ಒಂದು ಕವಲು ಹೊರಟುಹೋಗಿರಬಹುದು.

ಓದುವಾಗ ಎಚ್ಚರ ಬೇಕಾದ ಜಾಗಗಳಿವೆ. ಕಡತ ಎಣಿಸುವುದು ಜನನಗಳನ್ನು, ಇವತ್ತು ಬದುಕಿರುವವರನ್ನಲ್ಲ. ಅದರ ಮೂಲ ನೋಂದಣಿ ಶುರುವಾದದ್ದು 1940ರ ದಶಕದಲ್ಲಿ, ಹಾಗಾಗಿ 1895ರಲ್ಲಿ ಹುಟ್ಟಿ ಮೊದಲ ಮಹಾಯುದ್ಧದಲ್ಲಿ ಸತ್ತ ಹುಡುಗ ಇದರಲ್ಲಿ ಬರುವುದೇ ಇಲ್ಲ. ಮೊದಲ ಅವಧಿಯ ಸಂಖ್ಯೆ ಯಾವಾಗಲೂ ನಿಜಕ್ಕಿಂತ ಕಡಿಮೆ. ವಿದೇಶದಲ್ಲಿ ಹುಟ್ಟಿದವರೂ ಇಲ್ಲ.

ಇನ್ನು ಪ್ಯಾರಿಸ್. ಯಾವ ಹೆಸರು ಹುಡುಕಿದರೂ ಪ್ಯಾರಿಸ್ ಕೆಂಪಾಗಿ ಹೊಳೆಯುತ್ತದೆ, ಯಾಕೆಂದರೆ ಎಲ್ಲರೂ ಅಲ್ಲಿಗೇ ಹೋದರು. ಅದನ್ನು ಸರಿದೂಗಿಸಲು ಬರೀ ಸಂಖ್ಯೆ ನೋಡದೆ ಪ್ರಮಾಣ ತೆಗೆಯಿರಿ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ದೊಡ್ಡ ಜಿಲ್ಲೆಯೊಂದರಲ್ಲಿ 10 ಲಕ್ಷ ಜನನಗಳಲ್ಲಿ ನಿಮ್ಮ ಹೆಸರು 40, ಸಣ್ಣ ಜಿಲ್ಲೆಯಲ್ಲಿ 1 ಲಕ್ಷದಲ್ಲಿ 20. ಮೊದಲನೆಯದು ಲಕ್ಷಕ್ಕೆ 4, ಎರಡನೆಯದು ಲಕ್ಷಕ್ಕೆ 20. ಹುಡುಕಾಟ ಸಣ್ಣ ಜಿಲ್ಲೆಯಿಂದ ಶುರುವಾಗಬೇಕು. ಜೊತೆಗೆ, ಕಾಗುಣಿತದ ಪ್ರತಿ ರೂಪಕ್ಕೂ ಬೇರೆ ನಕ್ಷೆ ತೆಗೆದು ಒಂದರ ಮೇಲೊಂದು ಇಟ್ಟು ನೋಡಿ. ಎರಡು ರೂಪಗಳು ಅದೇ ಜಿಲ್ಲೆಯಲ್ಲಿ ಅಕ್ಕಪಕ್ಕ ಕಂಡರೆ ಅವು ಒಂದೇ ಹೆಸರಿನ ಎರಡು ಬರವಣಿಗೆ ಇರುವ ಸಾಧ್ಯತೆ ಹೆಚ್ಚು.

ಇದಕ್ಕೂ ಹಿಂದಿನ ಚಿತ್ರ ಬೇಕೆಂದರೆ ಜೆನೆಆನೆಟ್ ತಾಣವಿದೆ. ಸದಸ್ಯರು ಏರಿಸಿದ ವಂಶವೃಕ್ಷಗಳಿಂದ ಅದು ಶತಮಾನವಾರು ಹಂಚಿಕೆ ತೋರಿಸುತ್ತದೆ. ಆದರೆ ಒಬ್ಬನೇ ಪೂರ್ವಜನನ್ನು ಐವತ್ತು ಜನ ತಮ್ಮ ತಮ್ಮ ಮರದಲ್ಲಿ ಹಾಕಿದ್ದರೆ ಅಲ್ಲಿ ಐವತ್ತು ಚುಕ್ಕೆ ಕಾಣಬಹುದು. ಸುಳಿವಿಗೆ ಸರಿ, ಲೆಕ್ಕಕ್ಕೆ ಬೇಡ.

ಹಂತ 5: ಮರಣ ಕಡತವನ್ನು ಸೋಸಿ

ಅಪರೂಪದ ಹೆಸರು ಹುಡುಕುವವರಿಗೆ ಇದು ನಿಜಕ್ಕೂ ವರ. 1970ರಿಂದೀಚೆಗೆ ಸತ್ತವರ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಸತ್ತ ದಿನ, ಸತ್ತ ಊರು ಇರುವ ಕಡತವನ್ನು ಇನ್ಸೇ 2019ರ ಕೊನೆಯಿಂದ ಉಚಿತವಾಗಿ ಬಿಡುತ್ತಿದೆ, ತಿಂಗಳಿಗೊಮ್ಮೆ ಹೊಸದು ಸೇರುತ್ತದೆ. 1970ರಲ್ಲಿ ತೊಂಬತ್ತು ವರ್ಷಕ್ಕೆ ಸತ್ತವರು 1880ರಲ್ಲಿ ಹುಟ್ಟಿದವರಲ್ಲವೇ? ನಕ್ಷೆ ಜಿಲ್ಲೆಯವರೆಗೆ ತಂದು ಬಿಟ್ಟಿತ್ತು, ಈ ಕಡತ ಹಳ್ಳಿಯ ಹೆಸರನ್ನೇ ಕೊಡುತ್ತದೆ.

ಮಾರ್ಟಿನ್ ಎಂದು ಹುಡುಕಿದರೆ ಮುಳುಗಿಹೋಗುತ್ತೀರಿ. ಅಪರೂಪದ ಹೆಸರಾದರೆ ಇಡೀ ಪಟ್ಟಿಯನ್ನು ಸ್ಪ್ರೆಡ್‌ಶೀಟಿಗೆ ಇಳಿಸಿ ಹುಟ್ಟಿದ ಊರಿನ ಪ್ರಕಾರ ಜೋಡಿಸಬಹುದು. 1900ಕ್ಕಿಂತ ಮೊದಲು ಹುಟ್ಟಿದವರನ್ನು ಮಾತ್ರ ಉಳಿಸಿಕೊಂಡರೆ ಸಾಮಾನ್ಯವಾಗಿ ಕೆಲವೇ ಹಳ್ಳಿಗಳು ಮತ್ತೆ ಮತ್ತೆ ಬರುತ್ತವೆ. ಅವೇ ನಿಮ್ಮ ಮುಂದಿನ ವಿಳಾಸ.

ಹಂತ 6: ಊರಿನ ದಾಖಲೆಗೆ ಇಳಿಯಿರಿ

ಪ್ರತಿ ಜಿಲ್ಲೆಯ ಪತ್ರಾಗಾರಕ್ಕೂ ತನ್ನದೇ ಜಾಲತಾಣವಿದೆ. ಹೆಚ್ಚುಕಡಿಮೆ ಎಲ್ಲವೂ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಹಾಕಿವೆ, ಬೆಂಗಳೂರಿನಲ್ಲಿ ಕೂತೇ ನೋಡಬಹುದು. ಜನನ ಮತ್ತು ಮದುವೆಯ ದಾಖಲೆ 75 ವರ್ಷದ ನಂತರ ಎಲ್ಲರಿಗೂ ತೆರೆದುಕೊಳ್ಳುತ್ತದೆ.

ಮೊದಲು ಪುಸ್ತಕಕ್ಕೆ ಕೈಹಾಕಬೇಡಿ, ಹತ್ತು ವರ್ಷದ ಸೂಚಿಯನ್ನು ತೆರೆಯಿರಿ. ಪ್ರತಿ ಊರಿಗೂ 1802ರಿಂದ ಇಂಥ ಸೂಚಿಗಳಿವೆ: 1813–1822, 1823–1832, ಹೀಗೆ. ಒಂದೊಂದು ಸೂಚಿಯಲ್ಲಿ ಜನನ, ಮದುವೆ, ಮರಣ ಅಕ್ಷರದ ಕ್ರಮದಲ್ಲಿರುತ್ತವೆ. ಎರಡು ಸಾವಿರ ಜನರ ಊರಿಗೆ ಹತ್ತು ವರ್ಷದ ಸೂಚಿ ಅರ್ಧ ಗಂಟೆಯ ಕೆಲಸ. ಡಿ ಅಕ್ಷರದ ಜೊತೆಗೆ ಪಿ ಅಕ್ಷರವನ್ನೂ ನೋಡಲು ಮರೆಯಬೇಡಿ, ಡು ಬಿಟ್ಟು ಬರೆದಿದ್ದರೆ ಹೆಸರು ಅಲ್ಲಿ ಕೂತಿರುತ್ತದೆ.

ಸೂಚಿಯಿಂದ ಮದುವೆಯ ದಾಖಲೆಗೆ ಹೋಗಿ. ಜನನ ಪತ್ರಕ್ಕಿಂತ ಮದುವೆ ಪತ್ರ ಹತ್ತು ಪಾಲು ಮೇಲು. 19ನೇ ಶತಮಾನದ ಒಂದು ಮದುವೆ ಪತ್ರ ಹೀಗಿರುತ್ತದೆ: ಎಡಗಡೆ ಅಂಚಿನಲ್ಲಿ ಕ್ರಮಸಂಖ್ಯೆ, ಅದರ ಕೆಳಗೆ ಗಂಡು ಹೆಣ್ಣಿನ ಹೆಸರು. ಬಲಗಡೆ ಒತ್ತೊತ್ತಾಗಿ ಬರೆದ ಒಂದೇ ಪ್ಯಾರಾ. ವರ್ಷವನ್ನು ಅಂಕಿಯಲ್ಲಲ್ಲ, ಅಕ್ಷರದಲ್ಲಿ ಬರೆದಿರುತ್ತಾರೆ. ಎರಡನೇ ಸಾಲಿನಲ್ಲಿ ಗಂಟೆಯೂ ಇರುತ್ತದೆ. ಆಮೇಲೆ ಗಂಡಿನ ವಯಸ್ಸು, ಕಸುಬು, ಹುಟ್ಟಿದ ಊರು ಮತ್ತು ದಿನ, ಅವನ ತಂದೆತಾಯಿಯ ಹೆಸರು, ಅವರು ಬದುಕಿದ್ದರೆ ಎಲ್ಲಿದ್ದಾರೆ, ಸತ್ತಿದ್ದರೆ ಯಾವ ಊರಿನಲ್ಲಿ ಯಾವಾಗ. ಹೆಣ್ಣಿಗೂ ಅದೇ ಕ್ರಮ. ತಾಯಿಯ ಹೆಸರು ತವರುಮನೆಯದೇ ಇರುತ್ತದೆ. ಫ್ರೆಂಚ್ ದಾಖಲೆಗಳಲ್ಲಿ ಹೆಣ್ಣು ಮದುವೆಯಾದರೂ ಹುಟ್ಟಿನ ಅಡ್ಡಹೆಸರು ಕಳೆದುಕೊಳ್ಳುವುದಿಲ್ಲ, ಸಂಶೋಧಕರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಕೊನೆಯಲ್ಲಿ ನಾಲ್ವರು ಸಾಕ್ಷಿಗಳು, ಅವರು ಬಂಧುವೋ ಗೆಳೆಯರೋ ಎಂಬ ವಿವರ, ಎಲ್ಲದರ ಕೆಳಗೆ ಸಹಿಗಳು. ಗುಮಾಸ್ತ ಒಂದು ಬಗೆಯಲ್ಲಿ ಹೆಸರು ಬರೆದು, ಮದುಮಗನೇ ಇನ್ನೊಂದು ಬಗೆಯಲ್ಲಿ ಸಹಿ ಹಾಕಿರುವುದುಂಟು. ಮನೆಯವರ ರೂಢಿ ತಿಳಿಯಬೇಕೆಂದರೆ ಸಹಿಯನ್ನು ನಂಬಿ.

ಇಂಗ್ಲಿಷ್ ಬಲ್ಲವರು ಕಸುಬಿನ ಕಾಲಂನಲ್ಲಿ ಮೋಸಹೋಗುತ್ತಾರೆ. ಜುರ್ನಾಲಿಯೇ ಎಂದರೆ ಪತ್ರಕರ್ತನಲ್ಲ, ದಿನಗೂಲಿ. ಲಾಬುರರ್ ಎಂದರೆ ಕೂಲಿಯಲ್ಲ, ಸ್ವಂತ ನೇಗಿಲು ಎತ್ತುಗಳಿದ್ದ ಅನುಕೂಲಸ್ಥ ರೈತ.

ತಾರೀಖಿನ ತೊಡಕು ಎಂದರೆ 1793ರಿಂದ 1805ರವರೆಗೆ ನಡೆದ ಕ್ರಾಂತಿಯ ಕ್ಯಾಲೆಂಡರ್. ಫ್ರುಕ್ತಿದೋರ್, ಜೆರ್ಮಿನಾಲ್ ಎಂಬಂಥ ತಿಂಗಳುಗಳು ಕಂಡರೆ ಯಾವುದಾದರೂ ಪರಿವರ್ತಕದಲ್ಲಿ ಹಾಕಿ. ಇನ್ನು ಜನನ ಪತ್ರದ ಅಂಚನ್ನು ಯಾವಾಗಲೂ ಓದಿ. 1897ರಿಂದ ಮದುವೆಯ ವಿವರವನ್ನೂ 1945ರಿಂದ ಮರಣದ ವಿವರವನ್ನೂ ಅಲ್ಲೇ ಬರೆಯುತ್ತಾ ಬಂದಿದ್ದಾರೆ.

ಹೀಗೆ ಒಂದೊಂದು ತಲೆಮಾರು ಹಿಂದಕ್ಕೆ ಹೋದರೆ 1792 ದಾಟಿ ಚರ್ಚಿನ ಪುಸ್ತಕಕ್ಕೆ ಬರುತ್ತೀರಿ. ಬರವಣಿಗೆ ಕೆಡುತ್ತದೆ, ವಿವರ ಕಡಿಮೆಯಾಗುತ್ತದೆ. ಅದಕ್ಕೂ ಹಿಂದೆ ನೋಟರಿಗಳ ಕಡತ, ತೆರಿಗೆ ಪಟ್ಟಿ. ಪ್ಯಾರಿಸಿನಲ್ಲಂತೂ ದೊಡ್ಡ ಗುಂಡಿಯೇ ಇದೆ. 1871ರ ಮೇ ತಿಂಗಳಲ್ಲಿ, ಕಮ್ಯೂನ್ ದಂಗೆಯ ಕೊನೆಯ ದಿನಗಳಲ್ಲಿ, 1860ಕ್ಕಿಂತ ಹಿಂದಿನ ದಾಖಲೆಗಳ ಎರಡೂ ಪ್ರತಿಗಳು ಸುಟ್ಟುಹೋದವು. ಒಂದು ನಗರಸಭೆಯ ಕಟ್ಟಡದಲ್ಲಿ, ಇನ್ನೊಂದು ನ್ಯಾಯಾಲಯದಲ್ಲಿ ಇತ್ತು. ಆಮೇಲೆ ಮತ್ತೆ ಕಟ್ಟಿಕೊಳ್ಳಲು ಆದದ್ದು ಸುಮಾರು ಮೂರನೇ ಒಂದು ಪಾಲು.

ಹಂತ 7: ದಾರ ಕಡಿದುಹೋದರೆ

ಒಂದು ತಲೆಮಾರಿನಿಂದ ಹಿಂದಕ್ಕೆ ಹೆಸರೇ ಸಿಗುತ್ತಿಲ್ಲವೆಂದರೆ ಹೆಸರು ಅಲ್ಲೇ ಹುಟ್ಟಿರಬಹುದು. ಐಫೆಲ್ ಗೋಪುರದ ಐಫೆಲ್ ಇದಕ್ಕೆ ಚೆಂದದ ನಿದರ್ಶನ. 1832ರಲ್ಲಿ ದಿಜೋಂ ಪಟ್ಟಣದಲ್ಲಿ ಹುಟ್ಟಿದ ಗುಸ್ತಾವ್‌ನ ಮನೆತನದ ಹೆಸರು ಬೋನಿಕ್‌ಹೌಸೆನ್. ಪೂರ್ವಜರು ಜರ್ಮನಿಯ ಐಫೆಲ್ ಬೆಟ್ಟಸೀಮೆಯಿಂದ 18ನೇ ಶತಮಾನದ ಆರಂಭದಲ್ಲಿ ಪ್ಯಾರಿಸಿಗೆ ಬಂದವರು. ಮೂಲ ಹೆಸರು ಫ್ರೆಂಚರ ನಾಲಿಗೆಗೆ ಕಷ್ಟವಾದದ್ದರಿಂದ ‘ಐಫೆಲ್ ಎಂಬ ಬೋನಿಕ್‌ಹೌಸೆನ್’ ಎಂದು ಜೋಡಿ ಹೆಸರು ಬಳಸುತ್ತಿದ್ದರು. ಬರೀ ಐಫೆಲ್ ಅಧಿಕೃತವಾದದ್ದು 1880ರಲ್ಲಿ. 1850ರ ಸೂಚಿಯಲ್ಲಿ ಇ ಅಕ್ಷರವನ್ನಷ್ಟೇ ನೋಡುವವನಿಗೆ ಈ ಕುಟುಂಬ ಕಾಣುವುದಿಲ್ಲ. ಹಳೆಯ ದಾಖಲೆಯಲ್ಲಿ ಎರಡು ಹೆಸರಿನ ನಡುವೆ ‘ದಿ’ (‘ಎಂದು ಕರೆಯುವ’ ಎಂದರ್ಥ) ಎಂಬ ಪದ ಕಂಡರೆ ಎರಡನ್ನೂ ಹುಡುಕಿ. ಹೆಸರು ಬದಲಾವಣೆಗೆ ಕಾನೂನು 1803ರಿಂದಲೇ ಇದೆ, ಅನುಮತಿಗಳು ಸರ್ಕಾರಿ ಗೆಜೆಟ್ಟಿನಲ್ಲಿ ಪ್ರಕಟವಾಗುತ್ತವೆ.

ದಾರ ಕಡಿಯಲು ಬೇರೆ ಕಾರಣಗಳೂ ಇವೆ. ಚರ್ಚಿನ ಬಾಗಿಲಲ್ಲಿ ಸಿಕ್ಕ ಅನಾಥ ಮಗುವಿಗೆ ಹೆಸರು ಕಟ್ಟುತ್ತಿದ್ದದ್ದು ಅಧಿಕಾರಿ. ಯಹೂದಿ ಕುಟುಂಬಗಳು ಸ್ಥಿರ ಅಡ್ಡಹೆಸರು ನೋಂದಾಯಿಸಬೇಕೆಂದು 1808ರ ಜುಲೈ 20ರಂದು ನೆಪೋಲಿಯನ್ ಆದೇಶಿಸಿದ. 1848ರಲ್ಲಿ ಗುಲಾಮಗಿರಿ ರದ್ದಾದಾಗ ಮಾರ್ತಿನಿಕ್, ಗ್ವಾದೆಲೂಪ್, ರಿಯೂನಿಯನ್ ದ್ವೀಪಗಳಲ್ಲಿ ಬಿಡುಗಡೆಯಾದವರಿಗೆಲ್ಲ ಗುಮಾಸ್ತರು ಹೊಸ ಹೆಸರು ಹಂಚಿದರು. ನಿಮ್ಮ ಅಪರೂಪದ ಹೆಸರಿನ ನಕ್ಷೆಯಲ್ಲಿ ದ್ವೀಪವೊಂದೇ ಹೊಳೆಯುತ್ತಿದ್ದರೆ ಯೂರೋಪಿನ ಕಡೆ ಹೋಗುವ ಮೊದಲು ಆ ನೋಂದಣಿಗಳನ್ನು ನೋಡಿ.

ಹಂತ 8: ಈಗ ಪ್ರಸಿದ್ಧ ವ್ಯಕ್ತಿಯನ್ನು ತನ್ನಿ

ಗವರ್ನರ್ ಡೂಪ್ಲೆ ಹುಟ್ಟಿದ್ದು 1697ರಲ್ಲಿ, ಬೆಲ್ಜಿಯಂ ಗಡಿಯ ಹತ್ತಿರದ ಲಾಂದ್ರೆಸಿ ಎಂಬ ಊರಿನಲ್ಲಿ. ಹಾಗೆಂದು ಹೆಸರಿನ ತೊಟ್ಟಿಲು ಉತ್ತರ ಫ್ರಾನ್ಸ್ ಎಂದರೆ ತಪ್ಪು. ತಂದೆ ಫ್ರಾನ್ಸ್ವಾ ತಂಬಾಕು ತೆರಿಗೆಯ ಅಧಿಕಾರಿ, ನೌಕರಿಗಾಗಿ ಅಲ್ಲಿದ್ದವರು. ಮನೆತನ ಪಶ್ಚಿಮ ಫ್ರಾನ್ಸಿನ ಪ್ವಾತೂ ಪ್ರಾಂತ್ಯದ ಶಾತೆಲ್ರೋ ಕಡೆಯದು. ಇತ್ತ ನೈಋತ್ಯದ ಗ್ಯಾಸ್ಕನಿಯ ಕೊಂದೋಂ ಪಟ್ಟಣದಲ್ಲಿ 1569ರಲ್ಲೇ ಸಿಪಿಯೋಂ ಡೂಪ್ಲೆ ಹುಟ್ಟಿದ್ದಾನೆ, ಮುಂದೆ ರಾಜರ ಚರಿತ್ರಕಾರನಾದವನು. ಶಾತೆಲ್ರೋಗೂ ಕೊಂದೋಂಗೂ ನಡುವೆ ನೂರಾರು ಕಿಲೋಮೀಟರ್. ಬೇಲಿ ಎರಡೂ ಕಡೆ ಇತ್ತು ಎಂಬುದಕ್ಕಿಂತ ಹೆಚ್ಚಿನದನ್ನು ಹೇಳಬೇಕೆಂದರೆ ನಡುವಿನ ತಲೆಮಾರುಗಳ ಕಾಗದ ತೋರಿಸಬೇಕು.

ಇನ್ನು ‘ನಾವು ಗವರ್ನರ್ ವಂಶದವರು’ ಎನ್ನುವವರಿಗೆ ಉತ್ತರ ಚಿಕ್ಕದು. 1741ರಲ್ಲಿ ಅವನು ಚಂದ್ರನಗರದಲ್ಲಿ ಜಾನ್ ಎಂಬ ವಿಧವೆಯನ್ನು ಮದುವೆಯಾದ, ನಮ್ಮ ಪುಸ್ತಕಗಳಲ್ಲಿ ಬರುವ ಜಾನ್ ಬೇಗಂ ಅವಳೇ. ಅವರಿಗೆ ಹುಟ್ಟಿದ ಒಂದೇ ಗಂಡು ಕೂಸು ಉಳಿಯಲಿಲ್ಲ. ಈ ಅಡ್ಡಹೆಸರು ಹೊತ್ತವರು ಹೆಚ್ಚೆಂದರೆ ಅಣ್ಣತಮ್ಮಂದಿರ ಕವಲಿನವರು ಎನ್ನಬಹುದು, ಅದಕ್ಕೂ ದಾಖಲೆ ಬೇಕು.

ಹಂತ 9: ಹೆಸರು ಪುದುಚೇರಿಯಲ್ಲಿ ಸಿಕ್ಕಿದ್ದರೆ

ಇಲ್ಲಿ ಒಂದು ವಿಶೇಷವಿದೆ. 1881ರ ಸೆಪ್ಟೆಂಬರ್ 21ರ ಆದೇಶದಂತೆ, ಫ್ರೆಂಚ್ ಭಾರತದ ನಿವಾಸಿಗಳು ತಮ್ಮ ಸಾಂಪ್ರದಾಯಿಕ ಕಾನೂನನ್ನು ಬಿಟ್ಟು ಫ್ರೆಂಚ್ ನಾಗರಿಕ ಸಂಹಿತೆಯನ್ನು ಒಪ್ಪಿಕೊಳ್ಳಬಹುದಿತ್ತು. ಒಪ್ಪಿದವರು ಅಡ್ಡಹೆಸರೊಂದನ್ನು ಆರಿಸಿಕೊಳ್ಳಬೇಕಿತ್ತು. ಪೊನ್ನುತಂಬಿ ಪಿಳ್ಳೈ ಎಂಬ ವಕೀಲರು ಲಾಪೋರ್ತ್ ಆದರು. ಹಾಗಾಗಿ ಪುದುಚೇರಿ, ಕಾರೈಕಲ್ ಕಡೆಯ ಫ್ರೆಂಚ್ ಅಡ್ಡಹೆಸರು ಫ್ರೆಂಚ್ ರಕ್ತದ ಗುರುತಲ್ಲ. ಇದರ ತಿರುವುಮುರುವೂ ಉಂಟು: ಪುಲ್ಲೆ ಎಂಬ ಹೆಸರು ಹಳೆಯ ಫ್ರೆಂಚ್ ಕಾಗದದಲ್ಲಿ ಅಪ್ಪಟ ಫ್ರೆಂಚಿನಂತೆ ಕಾಣುತ್ತದೆ, ಅದು ಪಿಳ್ಳೈ. ಡೂಪ್ಲೆಯ ದುಭಾಷಿ, ದಿನಚರಿ ಬರೆದಿಟ್ಟ ಆನಂದರಂಗ ಪಿಳ್ಳೈಯನ್ನೂ ಫ್ರೆಂಚರು ಹಾಗೇ ಬರೆಯುತ್ತಾರೆ.

ಭಾರತದ ಈ ನೆಲೆಗಳ ಜನನ, ಮದುವೆ, ಮರಣದ ಪುಸ್ತಕಗಳ ಪ್ರತಿಗಳು ದಕ್ಷಿಣ ಫ್ರಾನ್ಸಿನ ಎಕ್ಸ್-ಆಂ-ಪ್ರೊವಾನ್ಸ್ ನಗರದ ಸಾಗರೋತ್ತರ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅದರ ಜಾಲತಾಣದಲ್ಲಿ ದೇಶ, ಊರು, ವರ್ಷ ಆರಿಸಿ ಪುಟಗಳನ್ನೇ ತಿರುವಬಹುದು. ಇತ್ತೀಚಿನ ದಾಖಲೆ, ಅಂದರೆ ಫ್ರೆಂಚ್ ಪೌರತ್ವ ಇರುವವರು ವಿದೇಶದಲ್ಲಿ ಹುಟ್ಟಿದ, ಮದುವೆಯಾದ ದಾಖಲೆ ಬೇಕಾದರೆ ನಾಂತ್ ನಗರದಲ್ಲಿರುವ ವಿದೇಶಾಂಗ ಸಚಿವಾಲಯದ ಕೇಂದ್ರ ನೋಂದಣಿ ಕಚೇರಿಗೆ ಬರೆಯಬೇಕು.

ಬರೆಯುವಾಗ ಪೂರ್ತಿ ಹೆಸರು, ಗೊತ್ತಿರುವ ಕಾಗುಣಿತಗಳೆಲ್ಲ, ತಾರೀಖು, ಊರು ಕೊಡಿ. 75 ವರ್ಷದೊಳಗಿನ ಜನನ ಅಥವಾ ಮದುವೆ ಪತ್ರದ ಪೂರ್ತಿ ನಕಲಿಗೆ ಆ ವ್ಯಕ್ತಿಯೊಂದಿಗೆ ನಿಮ್ಮ ಸಂಬಂಧವನ್ನೂ ಹೇಳಬೇಕಾಗುತ್ತದೆ. ಫ್ರಾನ್ಸಿನ ಪುರಸಭೆಗಳಿಂದಾಗಲಿ ನಾಂತ್‌ನಿಂದಾಗಲಿ ಈ ಪತ್ರಗಳ ನಕಲಿಗೆ ಶುಲ್ಕವಿಲ್ಲ. ದುಡ್ಡು ಕೇಳುವ ಜಾಲತಾಣ ಎದುರಾದರೆ ಅದು ಸರ್ಕಾರದ್ದಲ್ಲ.